ಪ್ಲೇಟಿಲ್ಲದೆ ತೆಗೆದ ಫೋಟೋ

ನನ್ನ ಹಳೆಯ ಕ್ಯಾಮರಾ ನೋಡಲು ಬರುವ ಹುಡುಗರು ಮೊದಲು ಅದರ ಕಪ್ಪು ಬಟ್ಟೆಯೊಳಗೆ ತಲೆ ಹಾಕುತ್ತಾರೆ. ಹಿಂದಿನ ಮಸುಕು ಗಾಜಿನ ಮೇಲೆ ಎದುರು ಮನೆಯ ಬಾಗಿಲು ತಲೆಕೆಳಗಾಗಿ ಕಂಡಾಗ ನಗುತ್ತಾರೆ. ಆಮೇಲೆ ತಲೆ ಹೊರಗೆ ತೆಗೆದು, ಎಂತೆಂಥ ದೊಡ್ಡವರ ಫೋಟೋ ತೆಗೆದಿದ್ದೀರಿ ಎಂದು ಕೇಳುತ್ತಾರೆ. ದೊಡ್ಡವರ ಫೋಟೋ ತೆಗೆಯುವುದು ಕಷ್ಟವಲ್ಲ. ಅವರು ಬರುವ ಮೊದಲೇ ಕುರ್ಚಿ ಬಂದಿರುತ್ತದೆ. ನಾನು ಹೇಳಬೇಕಾದದ್ದು ತೆಗೆಯದೆ ಬಿಟ್ಟ ಒಂದು ಫೋಟೋದ ಮಾತು. ಅದು ನನ್ನ ಅಕ್ಕನದು.

ನಾವು ಉಮರಗಾದವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ನಿಜಾಮರ ಶಾಲೆಯಲ್ಲಿ ಉರ್ದು. ನಾಲ್ಕನೆಯ ಇಯತ್ತೆಗೆ ನನ್ನ ಶಾಲೆ ಮುಗಿಯಿತು. ಕನ್ನಡ ಅಕ್ಷರ ಕಲಿಸಿದವಳು ನೀಲಕ್ಕ. ಮಠದ ಸ್ವಾಮಿಗಳಿಂದ ತಾನು ಕಲಿತದ್ದನ್ನು ಹಿತ್ತಲ ಗೋಡೆಯ ಮೇಲೆ ಇದ್ದಲಿಯಿಂದ ಬರೆದು ತೋರಿಸುತ್ತಿದ್ದಳು. ತಪ್ಪು ಬರೆದರೆ ಅದೇ ಇದ್ದಲಿಯಿಂದ ನನ್ನ ಮೂಗಿಗೆ ಗೆರೆ ಎಳೆಯುತ್ತಿದ್ದಳು. ಈಗ ಇದನ್ನು ಬರೆಯುತ್ತಿರುವುದು ಆಕೆ ಕಲಿಸಿದ ಅಕ್ಷರದಲ್ಲೇ.

ನಿಜಾಮರ ರಾಜ್ಯದ ಮೇಲೆ ಪೊಲೀಸ್ ಕಾರ್ಯಾಚರಣೆ ಆಗುವ ಹೊತ್ತಿಗೆ ನಾನು ಸೋಲಾಪುರದ ಒಂದು ಸ್ಟುಡಿಯೋದಲ್ಲಿದ್ದೆ. ಅಲ್ಲಿ ನನ್ನ ಕೆಲಸ ಪ್ಲೇಟು ತಿದ್ದುವುದು. ಆಗ ಫೋಟೋ ಮೂಡುತ್ತಿದ್ದದ್ದು ಗಾಜಿನ ಪ್ಲೇಟಿನ ಮೇಲೆ. ಅದರಲ್ಲಿ ಕಪ್ಪು ಬಿಳಿ ಅದಲುಬದಲಾಗಿರುತ್ತದೆ. ಪ್ಲೇಟಿನ ಮೇಲೆ ಪೆನ್ಸಿಲ್ ಆಡಿಸಿದರೆ ಕಾಗದದಲ್ಲಿ ಬೆಳ್ಳಗೆ ಬರುತ್ತದೆ. ಸಣ್ಣ ಚಾಕುವಿನಿಂದ ಕೆರೆದರೆ ಕಪ್ಪಗೆ ಬರುತ್ತದೆ. ಮುಖದ ಸುಕ್ಕು, ಸಿಡುಬಿನ ಕಲೆ ಎಲ್ಲ ಪೆನ್ಸಿಲ್‌ಗೆ ಹೋಗುತ್ತಿದ್ದವು. ಪೆನ್ಸಿಲ್ ತಪ್ಪಿದರೆ ಒರೆಸಬಹುದು, ಚಾಕು ತಪ್ಪಿದರೆ ಒರೆಸಲಾಗುವುದಿಲ್ಲ. ನನ್ನ ಉಸ್ತಾದರು ಮೊದಲ ದಿನ ಹೇಳಿದ ಮಾತು ಇದು. ನಾನು ಅದನ್ನು ಕೈಗೆ ಸಂಬಂಧಪಟ್ಟ ಮಾತು ಎಂದು ತಿಳಿದೆ.

ಸ್ಟುಡಿಯೋಕ್ಕೆ ಬರುತ್ತಿದ್ದ ವಾರಪತ್ರಿಕೆಯ ಸಂಪಾದಕರೊಬ್ಬರು ನನ್ನನ್ನು ತಮ್ಮ ಕೆಲಸಕ್ಕೆ ಕರೆದುಕೊಂಡರು. ಎಲ್ಲರೂ ಅವರನ್ನು ತಾತ್ಯಾ ಎನ್ನುತ್ತಿದ್ದರು. ನಮ್ಮ ತಾಲೂಕುಗಳು ಹೈದರಾಬಾದಿನಲ್ಲೇ ಇರುತ್ತವೋ, ಕನ್ನಡದ ಕಡೆ ಹೋಗುತ್ತವೋ, ಮರಾಠಿಯ ಕಡೆಯೋ ಎಂದು ಊರೂರಲ್ಲಿ ವಾದ ನಡೆಯುತ್ತಿದ್ದ ಕಾಲ. ತಾತ್ಯಾ ವಾರಕ್ಕೊಂದು ಗಡಿಯ ಮುಖ ಛಾಪಿಸುತ್ತಿದ್ದರು. ಪರದೆ, ಹೂದಾನಿ, ಮರದ ನವಿಲು ಏನೂ ಬೇಡ, ಮನುಷ್ಯನ ಕೈ ಎಲ್ಲಿ ದುಡಿಯುತ್ತದೋ ಅಲ್ಲಿಗೇ ಹೋಗಿ ಮುಖ ತೆಗೆದುಕೊಂಡು ಬಾ ಎಂದರು. ಸ್ಟುಡಿಯೋದ ನೆರಳಿನಲ್ಲಿ ಬೆಳೆದ ನನಗೆ ಬಯಲ ಬಿಸಿಲು ಹಿಡಿತಕ್ಕೆ ಬರಲು ವರ್ಷ ಹಿಡಿಯಿತು. ಮುಖದ ಕತ್ತಲ ಕಡೆಗೆ ಬಿಳಿ ಧೋತರ ಹಿಡಿದು ಬೆಳಕು ತಿರುಗಿಸುವುದು, ಮಾತಾಡುತ್ತ ಆಡುತ್ತ ಅವರ ಭುಜ ಇಳಿಯುವವರೆಗೆ ಕಾಯುವುದು, ಇವೆಲ್ಲ ತಪ್ಪಿ ತಪ್ಪಿ ಕಲಿತದ್ದು.

ಒಂದು ತಪ್ಪು ಹೇಳುತ್ತೇನೆ. ಎರಡೆರಡು ಪ್ಲೇಟು ಹಿಡಿಯುವ ಚಪ್ಪಟೆ ಕಟ್ಟಿಗೆಯ ಪೆಟ್ಟಿಗೆಗೆ ನಾವು ಸ್ಲೈಡು ಎನ್ನುತ್ತಿದ್ದೆವು. ಅದರ ಮುಚ್ಚಳಕ್ಕೆ ಒಂದು ಬದಿ ಬಿಳಿ, ಒಂದು ಬದಿ ಕಪ್ಪು. ಫೋಟೋ ತೆಗೆದ ಮೇಲೆ ಕಪ್ಪು ಬದಿ ಹೊರಗೆ ಬರುವಂತೆ ತಿರುಗಿಸಿ ಹಾಕಬೇಕು. ಕಾಸಾರಶಿರಸಿಯಲ್ಲಿ ಒಬ್ಬ ಒಕ್ಕಲಿಗರ ಎತ್ತನ್ನು ತೆಗೆದು, ಮುಚ್ಚಳ ತಿರುಗಿಸಲು ಮರೆತು, ಅದೇ ಪ್ಲೇಟಿನ ಮೇಲೆ ಅವರನ್ನೂ ತೆಗೆದೆ. ತೊಳೆದು ನೋಡಿದರೆ ಅವರ ರುಮಾಲಿನಿಂದ ಎರಡು ಕೊಂಬು ಎದ್ದಿದ್ದವು. ತಾತ್ಯಾ ಅದನ್ನು ಇಡೀ ಕಚೇರಿಗೆ ತೋರಿಸಿದರು. ಕ್ಷಮೆ ಕೇಳಿ ಇನ್ನೊಮ್ಮೆ ತೆಗೆಯಲು ನಾನು ಕಾಸಾರಶಿರಸಿಗೆ ಹೋದೆ. ಅವರು ಹೊಸ ಫೋಟೋ ತೆಗೆಸಿಕೊಂಡು, ಹಳೆಯದನ್ನೂ ಕೈಯಿಂದ ಕಸಿದುಕೊಂಡರು. “ನನ್ನ ಎತ್ತ ನನ್ನಕಿಂತ ಛಂದ ಅದ. ಹರೀಬ್ಯಾಡ, ಕೊಡ ಇತ್ತ” ಎಂದರು. ಮರುವರ್ಷ ಹೋದಾಗ ಅದು ಪಡಸಾಲೆಯಲ್ಲಿ ತೂಗುತ್ತಿತ್ತು. ಎಲ್ಲ ತಪ್ಪುಗಳೂ ಹೀಗೆ ನಕ್ಕು ಮುಗಿಯುತ್ತವೆ ಎಂದುಕೊಂಡೆ.

ಊರೂರು ತಿರುಗುವ ಒಂದೊಂದು ಸುತ್ತಿಗೆ ತಾತ್ಯಾ ಒಂದು ಡಜನ್ ಪ್ಲೇಟು ಕೊಡುತ್ತಿದ್ದರು. ಉಮರಗಾ, ನಿಲಂಗಾ, ಉದಗೀರ, ನಡುವೆ ಸಂತೆಯ ಊರುಗಳು, ಎಲ್ಲಕ್ಕೂ ಅಷ್ಟೇ. ಕ್ಯಾಮರಾ ಮೂರು ಕಾಲಿನ ಮೇಲೆ ನಿಂತ ಕೂಡಲೇ ಜನ ಸೇರುತ್ತಿದ್ದರು. ಎಲ್ಲರಿಗೂ ತಮ್ಮದೊಂದು ಫೋಟೋ ಬೇಕು. ಇಲ್ಲ ಎಂದರೆ ಬೇಕಾದ ಮನುಷ್ಯನ ಫೋಟೋ ತೆಗೆಯಲೂ ಬಿಡುತ್ತಿರಲಿಲ್ಲ. ಅದಕ್ಕೆ ನಮ್ಮ ಕಸುಬಿನಲ್ಲಿ ಒಂದು ಉಪಾಯವಿತ್ತು. ಖಾಲಿ ಸ್ಲೈಡು ಸೇರಿಸಿ, ಕಪ್ಪು ಬಟ್ಟೆ ಹೊದ್ದು, ಅಲುಗಬೇಡಿ ಎಂದು ಗದರಿಸಿ, ಕ್ಯಾಮರಾದ ಕಣ್ಣು ತೆರೆಸುವ ರಬ್ಬರಿನ ಗುಂಡು ಒತ್ತುವುದು. ಟಕ್ ಎನ್ನುತ್ತದೆ. ಜನ ಸಮಾಧಾನವಾಗಿ ಹೋಗುತ್ತಾರೆ. ಮೊದಮೊದಲು ಬಿಗಿಯಾಗಿ ಕೂತವರನ್ನು ಸಡಿಲ ಮಾಡಲು ಇದನ್ನು ಮಾಡುತ್ತಿದ್ದೆ. ಆಮೇಲೆ ಜನರನ್ನು ಕಳಿಸಲು ಮಾಡಿದೆ. ಕೈ ಮುಗಿದು ನಿಂತ ಮುದುಕರ ಮುಂದೆ, ಎಳೆಗೂಸನ್ನು ಎತ್ತಿ ಹಿಡಿದ ತಾಯಂದಿರ ಮುಂದೆ ಒತ್ತಿದ್ದೇನೆ. ಯಾವಾಗ ಬರತದ ಎಂದು ಕೇಳಿದರೆ, ನೋಡಮು ಎನ್ನುತ್ತಿದ್ದೆ.

ಔರಾದ ಶಹಾಜನಿಯ ಸಂತೆಯಲ್ಲಿ ಮಾತ್ರ ನಾನಾಗಿಯೇ ಕೇಳಿಕೊಂಡು ಒಬ್ಬ ಹೆಂಗಸಿನ ಫೋಟೋ ತೆಗೆದೆ, ನಿಜವಾದ ಪ್ಲೇಟಿನ ಮೇಲೆ. ಉದಗೀರಿನಿಂದ ಬಳೆ ತಂದು ಮಾರುತ್ತಿದ್ದ ಹಾಜರಾಬಿ. ಯಾರದೋ ಕೈಗೆ ಬಳೆ ಏರಿಸುತ್ತ, ನೋವಾಯಿತೇನೋ ಎಂದು ಮುಖ ಎತ್ತಿ ನೋಡಿದ ಕ್ಷಣ ಸಿಕ್ಕಿತು. ಕಾರ್ಯಾಚರಣೆಯ ವರ್ಷ ಆಕೆ ಗಂಡನನ್ನು ಕಳೆದುಕೊಂಡಿದ್ದಳು. ಹೇಗೆ ಎಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಪೇಪರಿನಲ್ಲಿ ಬಂದರೆ ತನಗೊಂದು ಪ್ರತಿ ಬೇಕು ಎಂದಷ್ಟೇ ಹೇಳಿದಳು. ತಾತ್ಯಾ ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಸುತ್ತಿನಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಆದರೂ ಈಗ ನಮ್ಮ ಓದುಗರಿಗೆ ಈ ಮುಖ ಬೇಡ ಎಂದು ಬದಿಗಿಟ್ಟರು. ನಾನು ಎದುರು ಮಾತಾಡಲಿಲ್ಲ. ಪ್ಲೇಟನ್ನು ಮನೆಯ ಡಬ್ಬಿಗೆ ಹಾಕಿದೆ. ಉದಗೀರಿಗೆ ಎಷ್ಟು ಸಲ ಹೋದರೂ ಬಳೆ ಪೇಟೆಯ ಕಡೆ ಕಾಲಿಡಲಿಲ್ಲ.

ಇನ್ನು ಅಕ್ಕನ ಮಾತು.

ನೀಲಕ್ಕನನ್ನು ನಿಲಂಗಾದ ಧಾನ್ಯ ವ್ಯಾಪಾರಿಗಳ ಮನೆಗೆ ಕೊಟ್ಟಿತ್ತು. ಸುತ್ತಿಗೆ ಹೋದಾಗ ಅಲ್ಲಿ ಊಟ ಮಾಡಿ ಮುಂದೆ ಹೋಗುತ್ತಿದ್ದೆ. ಆ ಸಲ ನನ್ನಲ್ಲಿ ಎರಡೇ ಪ್ಲೇಟು ಉಳಿದಿದ್ದವು. ಮರುದಿನ ಉದಗೀರಿನ ಸಭೆಗೆ ಒಬ್ಬ ದೊಡ್ಡ ಪುಢಾರಿ ಬರುವವರಿದ್ದರು. ಅವರ ಮುಖ ತಪ್ಪಿಸಿಕೊಂಡು ಬರಬೇಡ ಎಂದು ತಾತ್ಯಾ ಹೇಳಿ ಕಳಿಸಿದ್ದರು. ನಾನು ಕೈ ತೊಳೆದು ಏಳುವಾಗ ಅಕ್ಕ ಚರಿಗೆ ಹಿಡಿದು ನಿಂತಿದ್ದಳು.

“ಊರ ಮಂದಿ ಮುಖಾ ಎಲ್ಲಾ ತೆಗೀತಿ. ನನ್ನ ಮುಖಾ ಒಮ್ಮಿ ತೆಗೀಬಾರ್ದೇನೋ ತಮ್ಮಾ?”

ಬಸ್ಸಿಗೆ ಹೊತ್ತಾಯಿತು ಎಂದೆ.

“ಬಸ್ಸ ಮನ್ನಿನೂ ಒಂದ್ ತಾಸ್ ತಡಾ ಬಂದದ. ನಾ ಏನ್ ಪೇಪರನ್ಯಾಗ ಹಾಕು ಅಂತೀನೇನು? ಗ್ವಾಡಿಗಿ ಹಚ್ಕೋತೀನಿ.”

ಆಗಲೇ ಹೇಳಬಹುದಿತ್ತು, ಎರಡೇ ಪ್ಲೇಟು ಅವ, ಅವು ನನ್ನವಲ್ಲ ಎಂದು. ಬೈದು ಬಿಡುತ್ತಿದ್ದಳು. ಇಲ್ಲವೇ ಒಂದು ಪ್ಲೇಟು ಅವಳಿಗೆ ಕೊಟ್ಟು, ಒಂದರಲ್ಲೇ ಪುಢಾರಿಯನ್ನು ತೆಗೆಯಬಹುದಿತ್ತು. ಎರಡನ್ನೂ ಮಾಡದೆ, ಬೇಗ ಬಾ ಎಂದೆ.

ಒಳಗೆ ಹೋಗಿ ಮದುವೆಯ ಇಳಕಲ್ ಸೀರೆ ಉಟ್ಟು, ವಿಭೂತಿ ಕುಂಕುಮ ಹೊಸದಾಗಿ ಹಚ್ಚಿಕೊಂಡು, ಅಂಗಳದಲ್ಲಿ ಚೌರಂಗದ ಮೇಲೆ ಬಂದು ಕೂತಳು. ಐದು ವರ್ಷದ ಮಗಳು ಮಾದೇವಿ ಸೆರಗು ಹಿಡಿದುಕೊಂಡಿದ್ದಳು. ಅವಳನ್ನು ಗೋಡೆಯ ಕಡೆ ಕಳಿಸಿ, ಮಾಮಾ ಫೋಟೋ ತೆಗೀಲಿ, ಅಲುಗಬ್ಯಾಡ ಎಂದಳು. ನಾನು ಖಾಲಿ ಸ್ಲೈಡು ಸೇರಿಸಿದೆ. ಬಟ್ಟೆಯೊಳಗೆ ತಲೆ ಹಾಕಿದೆ. ಮಸುಕು ಗಾಜಿನ ಮೇಲೆ ಅಕ್ಕ ತಲೆಕೆಳಗಾಗಿ ಕೂತು ನಗು ತಡೆದುಕೊಳ್ಳುತ್ತಿದ್ದಳು. ಬೆಳಕು ಚೆನ್ನಾಗಿತ್ತು. ಧೋತರ ಹಿಡಿಯುವ ಅಗತ್ಯವೇ ಇರಲಿಲ್ಲ. ಅಷ್ಟನ್ನೂ ನೋಡಿಯೂ ಗುಂಡು ಒತ್ತಿದೆ. ಟಕ್ ಎಂದಿತು.

“ಕಣ್ಣ ಮಿಟುಕಿಸಿದ್ನಿ ಅನಸ್ತದ. ಇನ್ನೊಮ್ಮಿ ತೆಗಿ.”

ಇನ್ನೊಮ್ಮೆ ಒತ್ತಿದೆ. ಅದೂ ಖಾಲಿಯೇ.

ಉದಗೀರಿನ ಸಭೆಗೆ ಪುಢಾರಿ ಬರಲಿಲ್ಲ. ಎರಡು ಪ್ಲೇಟೂ ಹಾಗೆಯೇ ಹಿಂದಕ್ಕೆ ಬಂದವು. ಬರುವಾಗ ಬಸ್ಸು ನಿಲಂಗಾದಲ್ಲಿ ನಿಂತಿತು. ಡ್ರೈವರ್ ಚಹಾಕ್ಕೆ ಇಳಿದ. ಅಕ್ಕನ ಮನೆ ಎರಡು ಓಣಿ ಆಚೆ. ಪ್ಲೇಟು ತುಂಬಿದ ಸ್ಲೈಡು ತೊಡೆಯ ಮೇಲಿತ್ತು, ಅದರ ಬಿಳಿ ಬದಿ ನನ್ನ ಕಡೆಗಿತ್ತು. ಇಳಿದರೆ ಮೊದಲಿನ ಎರಡು ಸಲ ಏನಾಗಿತ್ತು ಎಂದು ಹೇಳಬೇಕಾಗುತ್ತದೆ. ನಾನು ಇಳಿಯಲಿಲ್ಲ. ಖಾಲಿ ಕ್ಲಿಕ್ಕಿಗೆ ಕಸುಬಿನ ನೆಪವಾದರೂ ಇತ್ತು. ಬಸ್ಸಿನಲ್ಲಿ ಕೂತೇ ಇದ್ದದ್ದಕ್ಕೆ ಯಾವ ನೆಪವೂ ಇಲ್ಲ.

ಅಕ್ಕ ಎರಡು ಮೂರು ಸಲ ಬರುವವರ ಕೈಯಲ್ಲಿ ಹೇಳಿ ಕಳಿಸಿದಳು. ತೊಳೆಯುವುದು ಬಾಕಿ ಇದೆ ಎಂದು ನಾನೂ ಹೇಳಿ ಕಳಿಸಿದೆ. ಆ ವರ್ಷದ ಚಳಿಗಾಲದಲ್ಲಿ ಎಂಟು ದಿನ ಜ್ವರ ಬಂದು ಹೋಗಿಬಿಟ್ಟಳು. ನಾನು ಸುತ್ತಿನಲ್ಲಿದ್ದೆ, ಸುದ್ದಿ ಮುಟ್ಟಿದ್ದು ಮೂರನೆಯ ದಿನ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಮಣ್ಣಿನೊಳಗೂ ಕೂತಂತೆಯೇ ಇಡುತ್ತಾರೆ. ಉಳ್ಳವರ ಮನೆಗಳಲ್ಲಿ ಹಾಗೆ ಕೂಡಿಸಿದಾಗ ಒಂದು ಫೋಟೋ ತೆಗೆಸುತ್ತಾರೆ. ಎಷ್ಟೋ ಮನೆಗಳಲ್ಲಿ ಅದನ್ನು ತೆಗೆದವನು ನಾನೇ. ಅಕ್ಕನದು ಅದೂ ಆಗಲಿಲ್ಲ. ಅಕ್ಕನ ಅತ್ತೆ ಬಂದವರ ಮುಂದೆಲ್ಲ ಹೇಳಿದರು: “ಖಾಸ ತಮ್ಮ ಫೋಟೋದಂವಾ. ಕೂಡಿಸಿದಾಗ ಒಂದ್ ಫೋಟೋಕ್ಕರೆ ಬರ್ಬಾರ್ದಾ?” ನನಗೆ ಕೇಳಿಸಲಿ ಎಂದೇ ಹೇಳಿದ್ದು. ಕೇಳಿಸಿತು.

ನಾಲ್ಕು ವರ್ಷ ನಿಲಂಗಾಕ್ಕೆ ಹೋಗುವುದನ್ನು ತಪ್ಪಿಸಿದೆ. ಆಮೇಲೆ ಭಾವ ಮತ್ತೊಂದು ಮದುವೆಯಾದದ್ದರಿಂದ, ಮಗುವನ್ನು ನೋಡಿಕೊಂಡು ಬಾ ಎಂದು ಅವ್ವ ಕಳಿಸಿದಳು. ಮಾದೇವಿ ಒಂಬತ್ತು ವರ್ಷದವಳಾಗಿದ್ದಳು. ನೀರು ತಂದು ಕೊಟ್ಟು, ಎದುರಿಗೆ ನಿಂತು ಕೇಳಿದಳು.

“ಮಾಮಾ, ಅವ್ವಂದು ಫೋಟೋ ಎಲ್ಲದ?”

ಯಾವ ಫೋಟೋ ಎಂದೆ.

“ನೀ ತೆಗದಿದ್ದಿಲ್ಲೇನು? ನಾ ಗ್ವಾಡಿ ಬಲ್ಲಿ ನಿಂತಿದ್ನಿ. ಎರಡ ಸಲ ಟಕ್ ಅಂತು.”

ಪ್ಲೇಟು ಒಡೆಯಿತು ಎನ್ನಬಹುದಿತ್ತು. ಪ್ಲೇಟುಗಳು ಒಡೆಯುತ್ತಲೇ ಇದ್ದವು, ಯಾರೂ ಸಂಶಯ ಪಡುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಹುಡುಗಿ ಎರಡೂ ಕ್ಲಿಕ್ಕನ್ನು ನಾಲ್ಕು ವರ್ಷ ಇಟ್ಟುಕೊಂಡು ಕೂತಿದ್ದಳು. ಮುಂದಿನ ಸಲ ತರುತ್ತೇನೆ ಎಂದೆ.

ಉಮರಗಾಕ್ಕೆ ಬಂದು ಡಬ್ಬಿಗಳನ್ನೆಲ್ಲ ಹೊರಗೆ ತೆಗೆದೆ. ಅಕ್ಕನ ವಯಸ್ಸಿನ, ಅಗಲ ಮುಖದ, ಎದುರಿಗೆ ನೋಡುವ ಹೆಂಗಸು ಬೇಕಿತ್ತು. ಹಾಜರಾಬಿಯ ಪ್ಲೇಟು ಸಿಕ್ಕಿತು. ಮೂರು ದಿನ ಕೂತು ತಿದ್ದಿದೆ. ಪೆನ್ಸಿಲ್‌ನಿಂದ ಹಣೆಗೆ ವಿಭೂತಿಯ ಮೂರು ಗೆರೆ ಎಳೆದೆ, ಮೂಗಿಗೆ ಹರಳು ಇಟ್ಟೆ. ಬಳೆ, ಕೈ, ಸಂತೆ ಎಲ್ಲ ಮುಚ್ಚಿ ಮುಖವಷ್ಟೇ ಮೋಡದೊಳಗಿಂದ ಬಂದಂತೆ ಮಾಡಿದೆ. ಕುಂಕುಮ ಕಪ್ಪಗೆ ಬರಬೇಕಲ್ಲ, ಅದಕ್ಕೆ ಚಾಕು ಬೇಕು. ಚಾಕುವಿನ ತುದಿಯಿಂದ ಆಕೆಯ ಹುಬ್ಬುಗಳ ನಡುವೆ ದುಂಡಗೆ ಕೆರೆದೆ. ಅಷ್ಟು ನಾಜೂಕಾದ ಕೆಲಸವನ್ನು ಹಿಂದೆಂದೂ ಮಾಡಿರಲಿಲ್ಲ. ಮುಗಿದಾಗ ಒಂದು ಘಳಿಗೆ ಹೆಮ್ಮೆ ಆಯಿತು. ಅದನ್ನೂ ಹೇಳಿಬಿಡುತ್ತೇನೆ.

ಕಾಗದಕ್ಕೆ ಇಳಿಸಿ, ಗಾಜಿನ ಕಟ್ಟು ಹಾಕಿಸಿ ನಿಲಂಗಾಕ್ಕೆ ಒಯ್ದು ಕೊಟ್ಟೆ. ಅಕ್ಕನ ಅತ್ತೆಗೆ ಆಗ ಕಣ್ಣಿಗೆ ಪೊರೆ ಬಂದಿತ್ತು. ಭಾವ ಕೈಯಲ್ಲಿ ಹಿಡಿದು, ದೂರ ಮಾಡಿ, ಹತ್ತಿರ ತಂದು ನೋಡಿದರು. “ಫೋಟೋದಾಗ ಮನುಷ್ಯಾ ಬ್ಯಾರೇನೇ ಕಾಣ್ತಾನ” ಎಂದು ಹೊಸ ಹೆಂಡತಿಯ ಕಡೆ ನೋಡಿ ಕೆಳಗಿಟ್ಟರು. ಮಾದೇವಿ ಅದನ್ನು ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ವರ್ಷಗಳನ್ನು ಬೇಗ ಹೇಳುತ್ತೇನೆ. ಮಹಾರಾಷ್ಟ್ರ ಆಯಿತು, ನಾವು ಅದರೊಳಗೆ ಉಳಿದೆವು, ಗಡಿಯ ಮುಖಗಳು ತಾತ್ಯಾ ಅವರಿಗೆ ಬೇಡವಾದವು. ಗಾಜು ಹೋಗಿ ಫಿಲ್ಮು ಬಂತು. ಒಂದು ಸುರುಳಿಯಲ್ಲಿ ಮೂವತ್ತಾರು. ನೂರೆಂಟು ಪತ್ರಿಕೆಗಳಿಗೆ ತೆಗೆದೆ. ಫಿಲ್ಮಿಲ್ಲದೆ ಒತ್ತುವುದನ್ನು ಬಿಟ್ಟೆ, ಆದರೆ ಅದು ನಾನು ಸುಧಾರಿಸಿದ್ದರಿಂದಲ್ಲ, ಫಿಲ್ಮು ಸಾಕಷ್ಟು ಸಿಗುತ್ತಿದ್ದುದರಿಂದ. ಮಾದೇವಿಯನ್ನು ಶಿರೂರ ಅನಂತಪಾಳಕ್ಕೆ ಕೊಟ್ಟರು. ಆ ಫೋಟೋವನ್ನು ಸೀರೆಗಳ ನಡುವೆ ಇಟ್ಟುಕೊಂಡು ಹೋಗಿ, ಅಲ್ಲಿ ಗೋಡೆಗೆ ತೂಗುಹಾಕಿದಳು. ಅವಳ ಮನೆಗೆ ಹೋದಾಗಲೆಲ್ಲ ನಾನು ಆ ಗೋಡೆಗೆ ಬೆನ್ನು ಮಾಡಿ ಕೂಡುತ್ತಿದ್ದೆ.

ನಾನು ಕೆಲಸ ಬಿಟ್ಟ ಮರುವರ್ಷ ಮಾದೇವಿ ಉಮರಗಾಕ್ಕೆ ಬಂದಳು. ಮಗಳ ಮದುವೆ ಗೊತ್ತಾಗಿತ್ತು. ಅಜ್ಜಿಯ ಫೋಟೋ ದೊಡ್ಡದು ಮಾಡಿ ಮದುವೆಯ ದಿನ ಪೂಜೆಗೆ ಇಡಬೇಕು, ಹಳೆಯದು ಮಾಸಿದೆ, ಪ್ಲೇಟಿನಿಂದ ಹೊಸದಾಗಿ ತೆಗೆದುಕೊಡು ಎಂದಳು. ಕಟ್ಟನ್ನು ನನ್ನ ಕೈಗೆ ಕೊಟ್ಟಳು. ಗಾಜಿನ ಮೇಲೆ, ಹಣೆಯ ಜಾಗದಲ್ಲಿ, ದಿನಾ ಹಚ್ಚಿದ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಡಬ್ಬಿಯಿಂದ ಪ್ಲೇಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಮುಖದ ನಡುವೆ ನಾನು ಕೆರೆದ ಜಾಗದಿಂದ ಬಿಸಿಲು ಆರಪಾರ ಬಂತು. ಮತ್ತೆ ಅದನ್ನು ತಿದ್ದುವುದು ನನ್ನಿಂದಾಗಲಿಲ್ಲ. ಅವಳನ್ನು ಕೂಡಿಸಿ, ಖಾಲಿ ಸ್ಲೈಡಿನಿಂದ ಚಾಕುವಿನವರೆಗೆ ಎಲ್ಲ ಹೇಳಿದೆ.

ಅವಳು ಅಳಲಿಲ್ಲ. ಕೇಳಿದಳು: “ಹಂಗಾದ್ರ ನಾ ಇಷ್ಟ್ ವರ್ಷ ಯಾರ ಮುಂದ ಅತ್ತೀನಿ, ಮಾಮಾ?”

ಅವ್ವನ ಮುಖ ನಿನಗೆ ನೆನಪಿರಬೇಕಲ್ಲ ಎಂದೆ. ಅದನ್ನು ಯಾಕೆ ಅಂದೆನೋ.

“ನನಗ ಟಕ್ ಅಂದದ್ದು ನೆನಪದ. ಸೀರಿ ನೆನಪದ. ಮುಖಾ ನಾ ಈ ಫೋಟೋ ನೋಡೇ ಕಲ್ತೀನಿ. ಈಗ ಅವ್ವನ್ನ ನೆನಸ್ಕೊಂಡ್ರ ಈಕೀನೇ ಬರ್ತಾಳ.”

ಎದ್ದು ಹೊರಟವಳು ಬಾಗಿಲಲ್ಲಿ ನಿಂತಳು. ಈಕೆಗೆ ಮಕ್ಕಳಿದ್ದಾರೇನು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. “ಹುಡುಕು. ಇದ್ರ ಒಯ್ದು ಕೊಟ್ಟು ಬಾ. ಅವರ ಬಲ್ಲಿನೂ ಅವ್ವನ ಫೋಟೋ ಇರ್ಲಿಕ್ಕಿಲ್ಲ” ಎಂದಳು. ಗಾಜಿನ ಮೇಲಿನ ಕುಂಕುಮವನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿ, ಕಟ್ಟನ್ನು ನನ್ನ ಹತ್ತಿರವೇ ಬಿಟ್ಟು ಹೋದಳು.

ಉದಗೀರಿನ ಬಳೆ ಪೇಟೆಯಲ್ಲಿ ಹಾಜರಾಬಿಯ ಮಗ ಇಸ್ಮಾಯಿಲ್ ಸಿಕ್ಕರು. ತಾಯಿಯ ಅಂಗಡಿಯಲ್ಲೇ ಕೂತಿದ್ದರು, ಕೂದಲು ಹಣ್ಣಾಗಿತ್ತು. ಬಳೆಯವರಿಗೆ ಪ್ರತಿ ಮನೆಯ ಮಾತೂ ಬರುತ್ತದೆ. ನನ್ನ ಮಾತು ಕೇಳಿದ ಕೂಡಲೇ ಅವರೂ ಕನ್ನಡಕ್ಕೆ ತಿರುಗಿದರು. ತಾಯಿ ತೀರಿ ಹತ್ತು ವರ್ಷದ ಮೇಲಾಯಿತಂತೆ. ಔರಾದ ಸಂತೆಯಲ್ಲಿ ಪೇಪರಿನವನೊಬ್ಬ ಫೋಟೋ ತೆಗೆದದ್ದು ಅವರಿಗೆ ಗೊತ್ತಿತ್ತು. ತಾಯಿ ಎಷ್ಟೋ ವಾರ ಆ ಪೇಪರ್ ತರಿಸಿ, ಓದಲು ಬಾರದಿದ್ದರೂ ಹಾಳೆ ತಿರುಗಿಸಿ ನೋಡುತ್ತಿದ್ದಳಂತೆ. ಆ ಪೇಪರಿನವನು ನಾನೇ ಎಂದು ಹೇಳಿ ಕಟ್ಟನ್ನು ಕೊಟ್ಟೆ. ನಾನು ಅದಕ್ಕೆ ಮಾಡಿದ್ದನ್ನೂ ಹೇಳಿದೆ.

ಅವರು ಮಂಡಿಯ ಮೇಲೆ ಇಟ್ಟುಕೊಂಡು ನೋಡಿದರು.

“ಮುಖಾ ಅಮ್ಮಾಂದೇ. ಹಣಿ ಅಮ್ಮಾಂದಲ್ಲ” ಎಂದರು.

ಗೆರೆಗಳನ್ನು ಒರೆಸಬಹುದು, ನಡುವಿನ ಬೊಟ್ಟು ಹೋಗುವುದಿಲ್ಲ, ಪ್ಲೇಟನ್ನೇ ಕೆರೆದಿದ್ದೇನೆ ಎಂದೆ. ಇಸ್ಮಾಯಿಲ್ ಬಲಗೈಯ ಹೆಬ್ಬೆರಳನ್ನು ಹಣೆಯ ಮೇಲೆ ಅಡ್ಡ ಇಟ್ಟರು, ಅಲ್ಲೇ ಇಟ್ಟುಕೊಂಡು ನೋಡುತ್ತ ಕೂತರು. ಒಬ್ಬಾಕೆ ಬಳೆ ಕೇಳಲು ಬಂದರೂ ತಲೆ ಎತ್ತಲಿಲ್ಲ. ಕೊನೆಗೆ, ಇರಲಿ, ಹೀಗೇ ನೋಡುತ್ತೇವೆ ಎಂದರು. ನನಗೆ ಚಹಾ ತರಿಸಿದರು. ಅದನ್ನು ಕುಡಿಯುವುದು ಬಹಳ ಕಷ್ಟವಾಯಿತು.

ಈ ಕೆಲಸಕ್ಕೆ ಬರುವವರಿಗೆ ಬೆಳಕಿನ ಬಗ್ಗೆ, ಲೆನ್ಸಿನ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ. ನಾನು ಹೇಳುವುದು ಒಂದೇ. ತೆಗೆಯಲಾಗದಿದ್ದರೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ಬೈಸಿಕೊಳ್ಳಿ.

ಮದುವೆಗೆ ಮಾದೇವಿ ನನ್ನನ್ನು ಕರೆದಳು. ಕರೆಯುವಳೋ ಇಲ್ಲವೋ ಎಂದುಕೊಂಡಿದ್ದೆ. ಸೋದರಮಾವನ ಜಾಗದಲ್ಲಿ ಕೂಡಿಸಿದಳು, ಮಾತು ಮಾತ್ರ ಬೇಕಾದಷ್ಟೇ ಆಡಿದಳು. ಮನೆಗೆಲ್ಲ ಹೊಸ ಸುಣ್ಣ ಬಳಿದಿದ್ದರು. ಫೋಟೋ ತೂಗುತ್ತಿದ್ದ ಜಾಗದಲ್ಲಿ ಮಾತ್ರ ಬಳಿಸಿರಲಿಲ್ಲ, ಕಟ್ಟಿನ ಆಕಾರದಲ್ಲಿ ಹಳೆಯ ಸುಣ್ಣ ಹಾಗೇ ಇತ್ತು. ಮೇಲೆ ಮೊಳೆ ಇತ್ತು. ಬೀಗರ ಕಡೆಯ ಹೆಂಗಸೊಬ್ಬಳು ಅಲ್ಲೊಂದು ಕ್ಯಾಲೆಂಡರ್ ಹಾಕಬಾರದೇ ಎಂದಾಗ ಮಾದೇವಿ ಬೇಡ ಎಂದಳು. ಆಕೆ ಹೋದ ಮೇಲೆ, ನನ್ನ ಕಡೆ ತಿರುಗದೆಯೇ, ಗೋಡೆಯನ್ನು ನೋಡುತ್ತ ಹೇಳಿದಳು:

“ನೀ ಅವತ್ತ ತೆಗದಿದ್ದ ಫೋಟೋ ಇದೇ ಅಲ್ಲೇನು, ಮಾಮಾ. ಇರ್ಲಿ.”

ಆ ದಿನ ನಾನು ಗೋಡೆಗೆ ಬೆನ್ನು ಮಾಡಿ ಕೂಡಲಿಲ್ಲ.